ಕಾಂಪ್ಲೆಕ್ಸ್‌ನವರು ಓಮ್ನಿ ಗ್ಲಾಸಿಗೆ ₹1,500 ದಂಡದ ಚೀಟಿ ಅಂಟಿಸಿದ್ದಾರೆ, ಕಟ್ಟಬೇಕಾ ಬೇಡ್ವಾ?

ಜಿಪ್ಪಕ್ಕ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಕೌಲ್ ಬಜಾರ್ ಕಡೆ ನನ್ನದೊಂದು ಸಣ್ಣ ಹೊಲಿಗೆ ಯೂನಿಟ್ ಇದೆ. ಎಂಟು ಮಷಿನ್. ದೊಡ್ಡವರು ಕಟಿಂಗ್ ಮಾಡಿ ಕೊಟ್ಟ ಜೀನ್ಸ್ ಪೀಸ್ ತಂದು ಹೊಲಿದು ಕೊಡುವ ಜಾಬ್ ವರ್ಕ್. ಬಂಡಲ್ ಸಾಗಿಸೋಕೆ ಒಂದು ಹಳೇ ಓಮ್ನಿ ಇಟ್ಟುಕೊಂಡಿದ್ದೇನೆ, ನಾನೇ ಓಡಿಸುತ್ತೇನೆ.

ಮೊನ್ನೆ ಮಂಗಳವಾರ ಜಿಪ್ ಖಾಲಿಯಾಯಿತು. ಬೆಂಗಳೂರು ರೋಡ್ ಹತ್ತಿರದ ಒಂದು ಕಾಂಪ್ಲೆಕ್ಸ್‌ಗೆ ಹೋದೆ, ಹೆಸರು ಬೇಡ. ಅದರ ಮುಂದಿನ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ಹನ್ನೊಂದು ಗಂಟೆ ಹತ್ತು ನಿಮಿಷ. ಒಳಗಿನ ಅಂಗಡಿಯಲ್ಲಿ ₹4ರಂತೆ 160 ಜಿಪ್ ತಗೊಂಡೆ. ಬಿಲ್ ₹640, ಅದರ ಮೇಲೆ 11.25 ಅಂತ ಟೈಮ್ ಕೂಡ ಬಿದ್ದಿದೆ. ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ.

ಆಮೇಲೆ ಎದುರಿಗಿದ್ದ ಬ್ಯಾಂಕ್ ಕಂಡಿತು. ಹೇಗೂ ಬಂದಿದ್ದೇನೆ, ಕೆವೈಸಿ ಕೊಟ್ಟು ಹೋಗೋಣ ಅಂತ ರಸ್ತೆ ದಾಟಿದೆ. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಸರ್ವರ್ ಡೌನ್, ಊಟದ ಟೈಮ್, ಆಧಾರ್ ಜೆರಾಕ್ಸ್ ಇನ್ನೊಂದು ಕಾಪಿ... ನಿಮಗೆ ಗೊತ್ತೇ ಇದೆ. ವಾಪಸ್ ಬಂದಾಗ 1.05. ಅಂದರೆ ಸುಮಾರು ಎರಡು ಗಂಟೆ. ಇದನ್ನು ಮುಚ್ಚಿಡೋದಿಲ್ಲ.

ಬಂದು ನೋಡಿದರೆ ಡ್ರೈವರ್ ಕಡೆಯ ಗ್ಲಾಸ್ ಮೇಲೆ ಹಳದಿ ಚೀಟಿ. ಗೋಂದು ಹಾಕಿ ಅಂಟಿಸಿದ್ದಾರೆ, ಬಿಸಿಲಿಗೆ ಒಣಗಿ ಚರ್ಮದ ಹಾಗೆ ಹಿಡಿದುಕೊಂಡಿತ್ತು. ಉಗುರಲ್ಲಿ ಕೆರೆದರೆ ಅರ್ಧ ಚೀಟಿ ಕೈಗೆ, ಅರ್ಧ ಗ್ಲಾಸಿಗೆ. ಅದರಲ್ಲಿ ಹೀಗಿದೆ: "ಅನಧಿಕೃತ ಪಾರ್ಕಿಂಗ್. ದಂಡ ₹1,500. 7 ದಿನದೊಳಗೆ ಕಟ್ಟತಕ್ಕದ್ದು. ತಪ್ಪಿದಲ್ಲಿ ದಿನಕ್ಕೆ ₹100 ಹೆಚ್ಚುವರಿ ಹಾಗೂ ಕಾನೂನು ಕ್ರಮ." ಕೆಳಗೆ ಒಂದು ಕ್ಯೂಆರ್ ಕೋಡ್, ಪೆನ್ನಲ್ಲಿ ಬರೆದ ನನ್ನ ಗಾಡಿ ನಂಬರ್. ಸೀಲ್ ಇಲ್ಲ, ವಿಳಾಸ ಇಲ್ಲ. ಚೀಟಿಯ ಮೇಲ್ಗಡೆ ತಕ್ಕಡಿ ಚಿತ್ರ ಬೇರೆ ಹಾಕಿದ್ದಾರೆ, ಕೋರ್ಟಿನದು ಅನಿಸೋ ಹಾಗೆ!

ಬೋರ್ಡ್ ಎಲ್ಲಿದೆ ಅಂತ ಕೇಳಿದೆ. ಸೆಕ್ಯುರಿಟಿ ತಾತ ಎದ್ದು ಬಂದು ತೋರಿಸಿದ. ಗೇಟಿನ ಕಂಬಕ್ಕೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ, ಅದರ ಹಿಂದೆ ಬೋರ್ಡ್. ತಾತ ಫ್ಲೆಕ್ಸಿನ ತುದಿ ಎತ್ತಿ ಹಿಡಿದ, ನಾನು ಬಗ್ಗಿ ಓದಿದೆ. "ಗ್ರಾಹಕರಿಗೆ ಮಾತ್ರ, 30 ನಿಮಿಷ." ದಂಡ ಎಷ್ಟು ಅಂತ ಅದರಲ್ಲೂ ಇಲ್ಲ. ಹಾಗೆ ಎತ್ತಿ ಹಿಡಿದಾಗಲೇ ಒಂದು ಫೋಟೋ ತೆಗೆದುಕೊಂಡೆ. ಅದರಲ್ಲಿ ತಾತನ ಕೈ ಕೂಡ ಬಂದಿದೆ.

₹1,500 ಅಂದರೆ ನನ್ನ ಯೂನಿಟ್‌ನಲ್ಲಿ ಇಬ್ಬರು ಟೈಲರ್‌ಗಳ ಒಂದು ದಿನದ ದುಡಿಮೆ. ಮನೆಯವರು "ಕಟ್ಟಿ ಬಿಡು, ದಿನಾ ಹೋಗೋ ಜಾಗ" ಅನ್ನುತ್ತಾರೆ. ತಂಗಿ ಮಗ ಯಾವುದೋ ವಿಡಿಯೋ ನೋಡಿ "ಹರಿದು ಬಿಸಾಕು ದೊಡ್ಡಮ್ಮ, ಪ್ರೈವೇಟ್‌ನವರ ಚೀಟಿಗೆ ಬೆಲೆ ಇಲ್ಲ" ಅನ್ನುತ್ತಾನೆ. ಎರಡೂ ನನಗೆ ಸರಿ ಅನಿಸುತ್ತಿಲ್ಲ. ಇವತ್ತಿಗೆ ಮೂರು ದಿನ ಆಯಿತು. ಏನು ಮಾಡಲಿ?

ಸಿರುಗುಪ್ಪ_ಭತ್ತ

ಕಟ್ಟಿ ಬಿಡಿ ಅಕ್ಕ. ಅದೇ ಅಂಗಡಿಗೆ ನಾಳೆ ಮತ್ತೆ ಹೋಗಬೇಕು ಅಲ್ವಾ. ₹1,500ಕ್ಕೆ ಬಿಪಿ ಏರಿಸಿಕೊಂಡರೆ ಡಾಕ್ಟರಿಗೆ ಅದಕ್ಕಿಂತ ಜಾಸ್ತಿ ಆಗುತ್ತೆ.

ಕೋರ್ಟ್_ಗುಮಾಸ್ತ

ತಡೀರಿ ಅಕ್ಕ, ಈಗಲೇ ಕಟ್ಟಬೇಡಿ. ಹರಿದು ಬಿಸಾಕಲೂ ಬೇಡಿ. ನಾನು ವಕೀಲನಲ್ಲ, ಒಬ್ಬ ವಕೀಲರ ಹತ್ತಿರ 22 ವರ್ಷದಿಂದ ಗುಮಾಸ್ತ. ಇಂಥ ಚೀಟಿ ಹಿಡಿದುಕೊಂಡು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ.

ಮೊದಲು ಚೀಟಿ ಕೊಟ್ಟವರು ಯಾರು ನೋಡಿ. ಪೊಲೀಸರು ಹಾಕಿದ್ದರೆ ಅದು ಚಲನ್. ಗಾಡಿ ನಂಬರ್ ಹಾಕಿದರೆ ಪರಿವಾಹನ್‌ನ ಇ-ಚಲನ್ ಜಾಲತಾಣದಲ್ಲೋ ಕರ್ನಾಟಕ ಒನ್‌ನಲ್ಲೋ ಸಿಗುತ್ತೆ. ಅದನ್ನು ಕಟ್ಟಲೇಬೇಕು, ಇಲ್ಲ ಕೋರ್ಟಿನಲ್ಲಿ ತಕರಾರು ಹೇಳಬೇಕು. ಪಾಲಿಕೆಯವರು ಟೆಂಡರ್ ಕೊಟ್ಟ ಪೇ ಪಾರ್ಕಿಂಗ್ ಆದರೆ ದರದ ಬೋರ್ಡ್ ಇರುತ್ತೆ, ನಂಬರ್ ಇರುವ ರಸೀದಿ ಪುಸ್ತಕ ಇರುತ್ತೆ. ನಿಮ್ಮದು ಇವೆರಡೂ ಅಲ್ಲ. ಜಾಗದ ಮಾಲೀಕ ತಾನೇ ಅಚ್ಚು ಹಾಕಿಸಿದ ಚೀಟಿ.

ದಂಡ ಹಾಕೋದು ಸರ್ಕಾರದ ಅಧಿಕಾರ. 1988ರ ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ನಿನಲ್ಲಿ ಸಾರ್ವಜನಿಕ ಜಾಗದಲ್ಲಿ ಅಡ್ಡಿಯಾಗುವ ಹಾಗೆ ಗಾಡಿ ಬಿಡಬಾರದು ಅಂತಿದೆ. ಅದನ್ನು ಜಾರಿ ಮಾಡೋರು ಪೊಲೀಸರು, ಕಾಂಪ್ಲೆಕ್ಸ್ ಮ್ಯಾನೇಜರ್ ಅಲ್ಲ. ಖಾಸಗಿಯವರು ಕೇಳಬಹುದಾದದ್ದು ಎರಡೇ. ಒಂದು, ಮೊದಲೇ ಹೇಳಿದ ಪಾರ್ಕಿಂಗ್ ಶುಲ್ಕ. ಇನ್ನೊಂದು, ನಿಮ್ಮಿಂದ ಅವರಿಗೆ ನಷ್ಟ ಆಗಿದ್ದರೆ ಅದರ ಪರಿಹಾರ. ಅದಕ್ಕೆ ದಂಡ ಅಂತ ಹೆಸರಿಟ್ಟು ತಕ್ಕಡಿ ಚಿತ್ರ ಹಾಕಿದರೆ ಅಧಿಕಾರ ಬಂದುಬಿಡುತ್ತಾ?

ಹಾಗಂತ ಅವರಿಗೆ ಏನೂ ಹಕ್ಕಿಲ್ಲ ಅಂತಲ್ಲ. ಜಾಗ ಅವರದು. ಬೋರ್ಡ್ ಓದಿ ಗಾಡಿ ನಿಲ್ಲಿಸಿದರೆ ಅದೊಂದು ಒಪ್ಪಂದ ಅಂತ ಅವರು ವಾದಿಸಬಹುದು. ಆದರೆ ಒಪ್ಪಂದ ಆಗಬೇಕಾದರೆ ಷರತ್ತು ಮೊದಲೇ ಕಣ್ಣಿಗೆ ಬೀಳಬೇಕು. ಫ್ಲೆಕ್ಸ್ ಹಿಂದೆ ಇದ್ದದ್ದು ಹೇಗೆ ಬೀಳುತ್ತೆ? ನಿಮ್ಮ ಫೋಟೋ ಅದಕ್ಕೇ ಬಂಗಾರ. ತಾತನ ಕೈ ಬಂದಿರೋದು ಇನ್ನೂ ಒಳ್ಳೆಯದು.

ಬೋರ್ಡ್ ಚೆನ್ನಾಗಿ ಕಾಣಿಸುತ್ತಿತ್ತು ಅಂತಲೇ ಇಟ್ಟುಕೊಳ್ಳಿ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಇದೆ. ಒಪ್ಪಂದದಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದಕ್ಕೆ ಮೇಲಿನ ಮಿತಿ ಅಷ್ಟೇ. ಒಂದೂವರೆ ಗಂಟೆ ಹೆಚ್ಚಿಗೆ ನಿಂತ ಓಮ್ನಿಯಿಂದ ₹1,500 ಲುಕ್ಸಾನು ಆಯಿತು ಅಂತ ಅವರು ಹೇಗೆ ತೋರಿಸ್ತಾರೆ?

ಇನ್ನು ಆ ಕ್ಯೂಆರ್ ಕೋಡ್ ಒಂದು ಸಲ ಸ್ಕ್ಯಾನ್ ಮಾಡಿ ನೋಡಿ. ದುಡ್ಡು ಹಾಕಬೇಡಿ, ಯಾರ ಹೆಸರು ಬರುತ್ತೆ ಅಷ್ಟು ನೋಡಿ.

ಜಿಪ್ಪಕ್ಕ_ಬಳ್ಳಾರಿ

ಅಣ್ಣ, ಈಗ ಸ್ಕ್ಯಾನ್ ಮಾಡಿದೆ. ಕಾಂಪ್ಲೆಕ್ಸ್ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು ಬರುತ್ತಿದೆ. ಇಲ್ಲಿ ಹಾಕೋದಿಲ್ಲ. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಇ-ಚಲನ್ ಕೂಡ ನೋಡಿದೆ. ಅದರಲ್ಲಿ ಈ ಮಂಗಳವಾರದ್ದು ಏನೂ ಇಲ್ಲ. ಹೋದ ವರ್ಷ ಸೀಟ್ ಬೆಲ್ಟ್ ಹಾಕದ್ದು ಒಂದು ಬಾಕಿ ಇತ್ತು! ನನಗೇ ಗೊತ್ತಿರಲಿಲ್ಲ. ಅದನ್ನು ಈಗಲೇ ಕಟ್ಟಿದೆ. ಪಾರ್ಕಿಂಗ್ ಚೀಟಿಯಿಂದ ಇದೊಂದು ಲಾಭ.

ಇನ್ನೊಂದು ವಿಷಯ. ಚೀಟಿ ಹಿಂದೆ ಸಣ್ಣ ಅಕ್ಷರದಲ್ಲಿ "ವಾಹನ ಕಳುವಾದರೆ ಆಡಳಿತ ಮಂಡಳಿ ಜವಾಬ್ದಾರಿಯಲ್ಲ" ಅಂತಿದೆ. ದಂಡ ಬೇಕು, ಜವಾಬ್ದಾರಿ ಬೇಡ. ಚೆನ್ನಾಗಿದೆ ಅಲ್ವಾ?

ಕೋರ್ಟ್_ಗುಮಾಸ್ತ

ಆ ಸಾಲಿನ ಬಗ್ಗೆ ಸುಪ್ರೀಂ ಕೋರ್ಟಿನ ಒಂದು ತೀರ್ಪಿದೆ, ನವೆಂಬರ್ 2019ರದು. ದೆಹಲಿಯ ತಾಜ್ ಮಹಲ್ ಹೋಟೆಲಿಗೆ 1998ರಲ್ಲಿ ಬಂದ ಒಬ್ಬರು ಮಾರುತಿ ಝೆನ್ ಕೀಲಿಯನ್ನು ಹೋಟೆಲಿನವರ ಕೈಗೆ ಕೊಟ್ಟು ಒಳಗೆ ಹೋದರು. ಬರುವಷ್ಟರಲ್ಲಿ ಕಾರು ಕಳುವಾಗಿತ್ತು. "ಮಾಲೀಕರ ಸ್ವಂತ ಜವಾಬ್ದಾರಿ" ಅಂತ ಟೋಕನ್ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ತಪ್ಪಿಸಿಕೊಳ್ಳೋಕೆ ಆಗಲ್ಲ ಅಂತ ಕೋರ್ಟ್ ಹೇಳಿತು. ಪೀಠದಲ್ಲಿ ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಇದ್ದರು. ಆದರೆ ಅಲ್ಲಿ ಕೀಲಿ ಕೊಟ್ಟಿದ್ದರು, ಅದೇ ಮುಖ್ಯ. ನೀವು ಕೀಲಿ ಕೊಟ್ಟಿಲ್ಲ. ಹಾಗಾಗಿ ಇದನ್ನು ನಿಮ್ಮ ಪತ್ರದಲ್ಲಿ ತುರುಕೋಕೆ ಹೋಗಬೇಡಿ. ಗೊತ್ತಿರಲಿ ಅಂತ ಹೇಳಿದೆ.

ಹುಲಿಗಿ_ಹುಣ್ಣಿಮೆ

ಎಲ್ಲರೂ ಪಾರ್ಕಿಂಗ್‌ನವರನ್ನು ಬೈಯುತ್ತಿದ್ದೀರಿ, ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ.

ಹುಲಿಗಿಯಲ್ಲಿ ನಮ್ಮದು ದಾರಿ ಪಕ್ಕ ಹೊಲ ಇದೆ. ಹುಣ್ಣಿಮೆ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಎಷ್ಟು ಗಾಡಿ ಬರುತ್ತವೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಬೆಳೆ ಇಲ್ಲದಾಗ ಹೊಲದಲ್ಲಿ ಪಾರ್ಕಿಂಗ್ ಮಾಡುತ್ತಿದ್ದೆ. ಆಮೇಲೆ ಹೊಸಪೇಟೆಯಲ್ಲಿ ಒಂದು ಕಾಂಪ್ಲೆಕ್ಸ್‌ನ ಪಾರ್ಕಿಂಗ್ ಎರಡು ವರ್ಷ ಗುತ್ತಿಗೆ ಹಿಡಿದೆ. ಈಗ ಬಿಟ್ಟಿದ್ದೇನೆ. ಬೈಗುಳ ತಿನ್ನೋ ಧಂದೆ ಅದು.

ಕಾಂಪ್ಲೆಕ್ಸ್‌ನಲ್ಲಿ ಹನ್ನೆರಡು ಕಾರಿನ ಜಾಗ, ಅಂಗಡಿ ಇಪ್ಪತ್ತು. ಬೆಳಿಗ್ಗೆ ಹತ್ತಕ್ಕೆ ಬ್ಯಾಂಕಿಗೆ, ಆಸ್ಪತ್ರೆಗೆ, ಬಸ್ಸಿಗೆ ಹೋಗುವವರು ಬಂದು ನಿಲ್ಲಿಸಿ ಸಂಜೆ ಬರ್ತಾರೆ. ಅಂಗಡಿಯವರ ಗಿರಾಕಿಗೆ ಜಾಗ ಇಲ್ಲ. ಬಾಡಿಗೆ ಕೊಡೋರು ಅವರು, ಬಂದು ನಮ್ಮ ಕುತ್ತಿಗೆ ಹಿಡೀತಾರೆ. ಅಕ್ಕ, ತಪ್ಪು ತಿಳೀಬೇಡಿ, ಬ್ಯಾಂಕಿಗೆ ಹೋದ ನೀವೂ ಅದೇ ಲೆಕ್ಕ.

ನಾನು ಮೊದಲು ಚಕ್ರಕ್ಕೆ ಲಾಕ್ ಹಾಕಿಸಿದೆ. ಒಬ್ಬ ಪುಣ್ಯಾತ್ಮ ಲಾಕ್ ನೋಡದೆ ಗಾಡಿ ಎಬ್ಬಿಸಿದ, ಫೆಂಡರ್ ಚಪಾತಿ ಮಡಚಿದ ಹಾಗೆ ಮಡಚಿಕೊಂಡಿತು. ರಿಪೇರಿ ನಾನೇ ಕೊಟ್ಟೆ. ಪೊಲೀಸರು ಬಂದು "ನಿನಗೆ ಲಾಕ್ ಹಾಕೋಕೆ ಯಾರು ಹೇಳಿದ್ದು" ಅಂದರು. ಅವತ್ತೇ ಲಾಕ್ ಮೂಲೆಗೆ ಹೋಯಿತು. ಆಮೇಲೆ ಇಂಥದೇ ಚೀಟಿ ಮಾಡಿಸಿದೆ. ನಿಜ ಹೇಳ್ತೀನಿ, ಚೀಟಿಯಲ್ಲಿ ₹1,000 ಬರೆದಿದ್ದು ಹೆದರಿಸೋಕೆ. ಬಂದು ಕೇಳಿದವರ ಹತ್ತಿರ ₹50, ₹100 ತಗೊಂಡು ಬಿಟ್ಟುಬಿಡ್ತಿದ್ದೆ. ಪೂರ್ತಿ ಕಟ್ಟಿದವರು ಬೇರೆ ಊರಿನ ನಂಬರಿನವರು, ಪಾಪ, ಹೆದರಿದವರು. ಒಬ್ಬರ ಮೇಲೂ ಕೇಸ್ ಹಾಕಲಿಲ್ಲ. ₹1,000ಕ್ಕೆ ವಕೀಲರಿಗೆ ಫೀ ಕೊಟ್ಟು ಯಾರು ಕೇಸ್ ಹಾಕ್ತಾರೆ? ಗಾಡಿ ನಂಬರಿನಿಂದ ನಿಮ್ಮ ವಿಳಾಸ ತೆಗೆಯೋದೂ ಅವರಿಗೆ ಸುಲಭ ಅಲ್ಲ. ಆ್ಯಪ್‌ನಲ್ಲಿ ನೋಡಿದರೆ ಹೆಸರಿನ ಮಧ್ಯೆ ಬರೀ ಚುಕ್ಕಿ ಬರುತ್ತೆ.

ಕೊನೆಗೆ ಕೆಲಸ ಮಾಡಿದ್ದು ಯಾವುದು ಅಂದರೆ ಟೋಕನ್. ಅಂಗಡಿ ಬಿಲ್ ತೋರಿಸಿದರೆ ಫ್ರೀ, ಇಲ್ಲದಿದ್ದರೆ ಗಂಟೆಗೆ ₹20. ಬೋರ್ಡ್ ಗೇಟಿನಲ್ಲೇ, ಆಳೆತ್ತರ. ಜಗಳ ಮುಕ್ಕಾಲು ಪಾಲು ನಿಂತುಹೋಯಿತು.

ಜಿಪ್ಪಕ್ಕ_ಬಳ್ಳಾರಿ

ತಪ್ಪು ತಿಳಿಯೋದೇನು ಬಂತು ಅಣ್ಣ, ನೀವು ಹೇಳಿದ್ದು ಸರಿ. ನನ್ನ ಯೂನಿಟ್ ಮುಂದೆ ಯಾರಾದರೂ ಎರಡು ಗಂಟೆ ಕಾರ್ ಬಿಟ್ಟು ಹೋದರೆ ನಾನೂ ಕೂಗಾಡುತ್ತೇನೆ. ಗಂಟೆಗೆ ₹20 ಕೇಳಿದ್ದರೆ ಎರಡು ಮಾತಾಡದೆ ಕೊಡುತ್ತಿದ್ದೆ.

ನನಗೆ ಒಳಗೊಳಗೇ ಚುಚ್ಚುತ್ತಿರೋದು ಬೇರೆ. ಆವತ್ತು ನಾನು ಹೊರಡುವಾಗ ತಾತ ಮೆಲ್ಲಗೆ "ಅಮ್ಮ, ಕಟ್ಟದಿದ್ರೆ ನನ್ನ ಸಂಬಳದಾಗ ಹಿಡೀತಾರೆ" ಅಂದ. ನಿಜವೋ, ಹೀಗೆ ಹೇಳು ಅಂತ ಕಲಿಸಿದ್ದಾರೋ ಗೊತ್ತಿಲ್ಲ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲಿಗೆ ತಂತಿ ಸುತ್ತಿದ್ದಾರೆ. ಪಕ್ಕದಲ್ಲಿ ಗೋಂದಿನ ಡಬ್ಬಿ, ಬ್ರಷ್. ಅಂಟಿಸಿದವನು ಅವನೇ. ಆ ಮಾತು ಕೇಳಿದ ಮೇಲೆ ರಾತ್ರಿ ಊಟ ಸರಿ ಸೇರಲಿಲ್ಲ.

ಹುಲಿಗಿ_ಹುಣ್ಣಿಮೆ

ಅದು ಕೆಲವು ಕಡೆ ನಿಜ ಅಕ್ಕ. ಅವರ ಬೀಟಿನಲ್ಲಿ ಎಷ್ಟು ಚೀಟಿ ಹೋಯಿತು, ಎಷ್ಟು ದುಡ್ಡು ಬಂತು ಅಂತ ಲೆಕ್ಕ ಕೇಳೋರಿದ್ದಾರೆ. ಆದರೆ ನೀವು ₹1,500 ಕಟ್ಟಿದರೆ ತಾತನ ಕೈಗೆ ಒಂದು ರೂಪಾಯಿಯೂ ಹೋಗಲ್ಲ, ಇದನ್ನಂತೂ ನಾನು ಖಾತ್ರಿಯಾಗಿ ಹೇಳ್ತೀನಿ. ಚೀಟಿ ರದ್ದು ಮಾಡಿಸಿ, ಹಾಳೆಯ ಮೇಲೆ ಬರೆಸಿಕೊಳ್ಳಿ. ಲೆಕ್ಕದಲ್ಲಿ ರದ್ದು ಅಂತ ಬಂದರೆ ಅವನ ತಲೆ ಮೇಲೆ ಬರಲ್ಲ. ಸುಮ್ನೆ ಬಿಟ್ಟರೆ ಬಾಕಿ ಅಂತ ಉಳಿಯುತ್ತೆ.

ರಾಯಚೂರು_ಬಿಸಿಲು

ಹೈದರಾಬಾದಿನಲ್ಲಿ ಮಾಲ್‌ಗಳಿಗೆ ಸರ್ಕಾರವೇ 2018ರಲ್ಲಿ ಆದೇಶ ಮಾಡಿದೆ, ಮೊದಲ 30 ನಿಮಿಷ ದುಡ್ಡು ತಗೊಳ್ಳೋ ಹಾಗಿಲ್ಲ ಅಂತ. ನಾವು ರಾಯಚೂರಿನವರು ಆಸ್ಪತ್ರೆ, ಶಾಪಿಂಗ್ ಅಂತ ಅಲ್ಲಿಗೇ ಹೋಗೋದು, ಹಾಗಾಗಿ ಗೊತ್ತು. ಅದನ್ನು ಬಳ್ಳಾರಿಯಲ್ಲಿ ತೋರಿಸಿ ಜಗಳಕ್ಕೆ ನಿಲ್ಲಬೇಡಿ ಮತ್ತೆ, ತೆಲಂಗಾಣದ ಆದೇಶ ಇಲ್ಲಿ ಲಾಗೂ ಆಗಲ್ಲ.

ಇನ್ನೊಂದು ದಾರಿ ಇದೆ. ಆ ಕಾಂಪ್ಲೆಕ್ಸ್‌ಗೆ ಸೆಲ್ಲಾರ್ ಇದೆಯಾ? ಇದ್ದರೆ ಒಳಗೆ ಏನಿದೆ ನೋಡಿ. ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತ ತೋರಿಸಿ ಮಂಜೂರಾತಿ ತಗೊಂಡು, ಆಮೇಲೆ ಅಲ್ಲಿ ಗೋದಾಮು, ಜಿಮ್ ಮಾಡಿ ಬಾಡಿಗೆಗೆ ಬಿಡ್ತಾರೆ. ಮಂಜೂರಾದ ಪ್ಲಾನ್ ಕಾಪಿ ಬೇಕು ಅಂತ ಪಾಲಿಕೆಗೆ ಆರ್‌ಟಿಐ ಹಾಕಿ. ₹10 ಫೀ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ಆಫೀಸ್ ಬಿಲ್ಡಿಂಗ್‌ನಲ್ಲಿ ನಾನು ಅರ್ಜಿ ಬರೆದು ಬರೀ ತೋರಿಸಿದೆ, ಹಾಕಲೂ ಇಲ್ಲ. ಮಾರನೇ ದಿನ ಮ್ಯಾನೇಜರ್ ಚಹಾ ತರಿಸಿದ.

ಗಂಗಾವತಿ_ಟು_ರೀಡಿಂಗ್

ಅಕ್ಕನ ತಂಗಿ ಮಗ ನೋಡಿದ ವಿಡಿಯೋ ಇಂಗ್ಲೆಂಡಿನದಿರಬೇಕು. ನಾನು ಗಂಗಾವತಿಯವನು, ಈಗ ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇನೆ. ಇಲ್ಲಿಯ ಕಥೆ ಪೂರ್ತಿ ಬೇರೆ, ಎರಡನ್ನೂ ಕಲಸಬೇಡಿ.

ಇಲ್ಲಿ ಖಾಸಗಿ ಕಂಪನಿಗಳು ಕ್ಯಾಮೆರಾ ಇಟ್ಟು ನಂಬರ್ ಪ್ಲೇಟ್ ಫೋಟೋ ಹಿಡೀತಾರೆ. ಸರ್ಕಾರದ ವಾಹನ ಇಲಾಖೆಯಿಂದಲೇ ಫೀ ಕೊಟ್ಟು ಮಾಲೀಕರ ವಿಳಾಸ ತಗೊಂಡು ಮನೆಗೆ ಕಾಗದ ಕಳಿಸ್ತಾರೆ. ಮೊತ್ತ ಹೆಚ್ಚಾಗಿ 100 ಪೌಂಡ್, 14 ದಿನದೊಳಗೆ ಕಟ್ಟಿದರೆ 60. ಮೊದಲೆಲ್ಲ ಜನ ಹರಿದು ಬಿಸಾಕ್ತಿದ್ದರಂತೆ. 2012ರಲ್ಲಿ ಕಾನೂನು ಬದಲಾಯಿತು. ಖಾಸಗಿ ಜಾಗದಲ್ಲಿ ಚಕ್ರಕ್ಕೆ ಲಾಕ್ ಹಾಕೋದನ್ನು ಇಂಗ್ಲೆಂಡ್, ವೇಲ್ಸ್‌ನಲ್ಲಿ ನಿಷೇಧಿಸಿದರು. ಅದೇ ಕಾನೂನಿನಲ್ಲಿ, ಗಾಡಿ ಓಡಿಸಿದವರು ಯಾರು ಅಂತ ಹೇಳದಿದ್ದರೆ ಗಾಡಿ ಯಾರ ಹೆಸರಿನಲ್ಲಿದೆಯೋ ಅವರಿಂದ ವಸೂಲಿ ಮಾಡಲೂ ದಾರಿ ಕೊಟ್ಟರು.

2015ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟ್‌ವರೆಗೆ ಒಂದು ಕೇಸ್ ಹೋಯಿತು. ಬೀವಿಸ್ ಅನ್ನೋರು ಚೆಲ್ಮ್ಸ್‌ಫರ್ಡ್ ಊರಿನ ಅಂಗಡಿ ಸಾಲಿನ ಪಾರ್ಕಿಂಗ್‌ನಲ್ಲಿ ಎರಡು ಗಂಟೆ ಫ್ರೀ ಮುಗಿದ ಮೇಲೆ 56 ನಿಮಿಷ ಹೆಚ್ಚು ನಿಂತರು. 85 ಪೌಂಡ್ ಕೇಳಿದರು. ಕೊನೆಗೆ ಕಂಪನಿಯೇ ಗೆದ್ದಿತು. ಯಾಕೆ ಗೆದ್ದಿತು ಅಂದರೆ, ಸುಮಾರು 20 ಬೋರ್ಡು ಎದ್ದು ಕಾಣೋ ಹಾಗೆ ಹಾಕಿದ್ದರು, ಮೊತ್ತ ದೊಡ್ಡ ಅಕ್ಷರದಲ್ಲಿತ್ತು. ಫ್ಲೆಕ್ಸ್ ಹಿಂದೆ ಒಂದೇ ಒಂದು ಬೋರ್ಡ್ ಇರಲಿಲ್ಲ!

ಅಮ್ಮ ಬಂದಾಗ ನನಗೂ ಒಂದು ಬಂದಿತ್ತು. ಅಮ್ಮನಿಗೆ ಸೂಪರ್‌ಮಾರ್ಕೆಟ್ ಅಂದರೆ ಜಾತ್ರೆ, ಒಂದೊಂದು ಸೊಪ್ಪಿನ ಬೆಲೆ ಗಂಗಾವತಿ ರೂಪಾಯಿಗೆ ಲೆಕ್ಕ ಹಾಕಿ ಬೈದುಕೊಂಡು ಓಡಾಡ್ತಾಳೆ. ಟೈಮ್ ಮೀರಿತು. ಬಿಲ್ ತಗೊಂಡು ಹೋಗಿ ಅಂಗಡಿಯ ಮ್ಯಾನೇಜರಿಗೆ ತೋರಿಸಿದೆ. ಅವರೇ ಪಾರ್ಕಿಂಗ್ ಕಂಪನಿಗೆ ಹೇಳಿ ರದ್ದು ಮಾಡಿಸಿದರು. ಆಗದಿದ್ದರೆ ಕಂಪನಿಗೆ ಮೇಲ್ಮನವಿ, ಅದೂ ಆಗದಿದ್ದರೆ ಕಂಪನಿ ಯಾವ ಸಂಘದಲ್ಲಿದೆಯೋ ಅದರ ಮೇಲ್ಮನವಿ ಸಂಸ್ಥೆಗೆ ಹೋಗಬಹುದು. ಇಲ್ಲಿ ನಿಜಕ್ಕೂ ಕೋರ್ಟಿಗೆ ಹಾಕ್ತಾರೆ. ತೀರ್ಪು ಬಂದು ತಿಂಗಳೊಳಗೆ ಕಟ್ಟದಿದ್ದರೆ ಆರು ವರ್ಷ ಸಾಲದ ದಾಖಲೆ ಕೆಡುತ್ತೆ. ಇಲ್ಲಿರುವ ನಮ್ಮ ಹುಡುಗರು ಯಾರಾದರೂ ಇದನ್ನು ಓದ್ತಿದ್ದರೆ ಬಿಸಾಕಬೇಡಿ.

ಬಳ್ಳಾರಿಗೂ ಒಂದು ಉಪಯೋಗ ಆಗಬಹುದು: ಪಾರ್ಕಿಂಗ್‌ನವರ ಹತ್ತಿರ ವಾದ ಮಾಡೋ ಮೊದಲು ಅಂಗಡಿಯವರನ್ನು ಹಿಡೀರಿ. ಗಿರಾಕಿ ಕಳಕೊಳ್ಳೋ ಭಯ ಇರೋದು ಅವರಿಗೆ.

ಕೋರ್ಟ್_ಗುಮಾಸ್ತ

ಒಳ್ಳೆ ಮಾತು. ಅಕ್ಕ, ಮೊದಲು ಜಿಪ್ ಅಂಗಡಿಯವರನ್ನು ಕರಕೊಂಡು ಮ್ಯಾನೇಜರ್ ಹತ್ತಿರ ಹೋಗಿ. ಬರಿಗೈಲಿ ಹೋಗಬೇಡಿ, ಎರಡು ಪ್ರತಿ ಪತ್ರ ಒಯ್ಯಿರಿ. ಭಾಷೆ ಇಷ್ಟು ಸಾಕು:

"ಇಂಥ ದಿನ 11.10ರಿಂದ 1.05ರವರೆಗೆ ನನ್ನ ವಾಹನ ನಿಮ್ಮ ಜಾಗದಲ್ಲಿತ್ತು. ನಾನು ನಿಮ್ಮ ಕಾಂಪ್ಲೆಕ್ಸ್‌ನ ಗ್ರಾಹಕಿ, ಬಿಲ್ ಲಗತ್ತಿಸಿದ್ದೇನೆ. ಷರತ್ತಿನ ಬೋರ್ಡ್ ಫ್ಲೆಕ್ಸ್‌ನಿಂದ ಮುಚ್ಚಿತ್ತು, ಫೋಟೋ ಲಗತ್ತಿಸಿದ್ದೇನೆ. ಅದರಲ್ಲಿ ಯಾವ ಮೊತ್ತವೂ ಇಲ್ಲ. ನೀವು ಕೇಳಿದ ₹1,500ನ್ನು ನಾನು ಒಪ್ಪುವುದಿಲ್ಲ. ಹೆಚ್ಚಿಗೆ ನಿಂತ ಸಮಯಕ್ಕೆ ನ್ಯಾಯವಾದ ಪಾರ್ಕಿಂಗ್ ಶುಲ್ಕವನ್ನು ರಸೀದಿ ಕೊಟ್ಟರೆ ಕಟ್ಟಲು ಸಿದ್ಧಳಿದ್ದೇನೆ. ಯಾವ ಅಧಿಕಾರದ ಮೇಲೆ ದಂಡ ಹಾಕಿದ್ದೀರಿ, ಹಣ ಯಾರ ಖಾತೆಗೆ ಹೋಗುತ್ತದೆ ಎಂದು ಬರಹದಲ್ಲಿ ತಿಳಿಸಿ."

ಒಂದು ಪ್ರತಿ ಕೊಟ್ಟು ಇನ್ನೊಂದರ ಮೇಲೆ ತಲುಪಿದೆ ಅಂತ ಸಹಿ ತಗೊಳ್ಳಿ. ಕೊಡದಿದ್ದರೆ ಪೋಸ್ಟಿನಲ್ಲಿ ಕಳಿಸಿ. ರಿಜಿಸ್ಟರ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಸ್ಪೀಡ್ ಪೋಸ್ಟೇ ಮಾಡಿ, ರಸೀದಿ ಇಟ್ಟುಕೊಳ್ಳಿ.

ಅವರು ಇನ್ನೂ ಕಾಡಿದರೆ ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ₹5 ಲಕ್ಷದವರೆಗಿನ ದೂರಿಗೆ ಫೀ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ಹಣ ತಗೊಂಡು ರಸೀದಿ ಕೊಡದಿರೋದೂ 2019ರ ಗ್ರಾಹಕ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಆದರೆ ₹1,500ಕ್ಕೆ ಅಲ್ಲಿಯವರೆಗೆ ಹೋಗಿ ಅಂತ ನಾನು ಹೇಳೋದಿಲ್ಲ. ನಾಲ್ಕು ವಾಯಿದೆಗೆ ಯೂನಿಟ್ ಬಿಟ್ಟು ಬಂದರೆ ನಿಮಗೇ ನಷ್ಟ. ಪತ್ರದ ಕೊನೆಯಲ್ಲಿ ಆಯೋಗದ ಹೆಸರು ಒಂದು ಸಾಲು ಬರೆದರೆ ಸಾಕು, ಅರ್ಧ ಕೆಲಸ ಅದೇ ಮಾಡುತ್ತೆ.

ಒಂದೇ ಎಚ್ಚರಿಕೆ. ನಿಜವಾದ ಕೋರ್ಟ್ ಸಮನ್ಸ್ ಬಂದರೆ ಮಾತ್ರ ಮೂಲೆಗೆ ಹಾಕಬೇಡಿ. ಅದರಲ್ಲಿ ಕೋರ್ಟಿನ ಹೆಸರು, ಕೇಸ್ ನಂಬರ್, ಸೀಲು, ಹಾಜರಾಗೋ ತಾರೀಖು ಇರುತ್ತೆ. ತಕ್ಕಡಿ ಚಿತ್ರ ಯಾರು ಬೇಕಾದರೂ ಹಾಕಬಹುದು. ಹಾಗೇ ಗಾಡಿಗೆ ಲಾಕ್ ಹಾಕಿದರೆ ಜಗಳಕ್ಕೆ ನಿಲ್ಲಬೇಡಿ, 112ಕ್ಕೆ ಫೋನ್ ಮಾಡಿ.

ಸಿರುಗುಪ್ಪ_ಭತ್ತ

ಇಷ್ಟೆಲ್ಲ ಇದೆಯಾ. ನಾನು ಹೋದ ವರ್ಷ ₹500 ಕಟ್ಟಿ ಬಂದೆ, ರಸೀದಿ ಕೂಡ ಕೇಳಲಿಲ್ಲ. ಮನೆಯಲ್ಲಿ ಇದನ್ನು ಓದಿ ಹೇಳೋದಿಲ್ಲ.

ಜಿಪ್ಪಕ್ಕ_ಬಳ್ಳಾರಿ

ಹೋಗಿ ಬಂದೆ. ಏನಾಯಿತು ಅಂತ ಹೇಳಿಬಿಡ್ತೀನಿ.

ಶನಿವಾರ ಬೆಳಿಗ್ಗೆ ಅಂಗಡಿ ತೆರೆಯೋ ಹೊತ್ತಿಗೆ ಹೋದೆ. ಈ ಸಲ ಓಮ್ನಿ ತರಲಿಲ್ಲ, ಆಟೋದಲ್ಲಿ ಹೋದೆ. ಜಿಪ್ ಅಂಗಡಿಯವರಿಗೆ ಚೀಟಿ ತೋರಿಸಿದ ತಕ್ಷಣ ಅವರೇ ಸಿಟ್ಟಾದರು. ಅವರ ಇನ್ನೊಬ್ಬ ಗಿರಾಕಿಗೂ ಹೀಗೇ ಆಗಿದೆಯಂತೆ. "ನಾವು ಮೇಂಟೆನೆನ್ಸ್ ಕಟ್ಟೋದು ಗಿರಾಕಿ ಓಡಿಸೋಕಾ" ಅಂತ ನನಗಿಂತ ಮೊದಲು ಅವರೇ ಮೆಟ್ಟಿಲು ಹತ್ತಿದರು.

ಮ್ಯಾನೇಜರ್ ಚಿಕ್ಕ ಹುಡುಗ, ನನ್ನ ಮಗನ ವಯಸ್ಸು. ಮೊದಲು "ಮೇಡಂ ರೂಲ್ಸ್ ಇದೆ" ಅಂದ. ಎಲ್ಲಿದೆ ತೋರಿಸಪ್ಪ ಅಂದೆ. ಫೋಟೋ ತೋರಿಸಿದೆ. ಫ್ಲೆಕ್ಸ್ ನಾವು ಕಟ್ಟಿದ್ದಲ್ಲ ಅಂದ. ಬೋರ್ಡ್ ನಿಮ್ಮದು ತಾನೇ ಅಂದೆ. ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ತೋರಿಸಿ ಇವರು ಯಾರು ಅಂತ ಕೇಳಿದಾಗ ಅವನ ಮುಖ ನೋಡಬೇಕಿತ್ತು. ಎರಡು ನಿಮಿಷ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. "ಬಿಡಿ ಮೇಡಂ, ಏನೂ ಕೊಡಬೇಡಿ" ಅಂದ.

ಹಾಗೆ ಬೇಡ ಅಂದೆ. ಒಂದೂವರೆ ಗಂಟೆ ಹೆಚ್ಚಿಗೆ ನಿಂತಿದ್ದು ನಿಜ. ಹುಲಿಗಿ ಅಣ್ಣ ಹೇಳಿದ ದರದಲ್ಲಿ ಎರಡು ಗಂಟೆ ಹಿಡಿದು ₹40 ಟೇಬಲ್ ಮೇಲಿಟ್ಟೆ, ರಸೀದಿ ಕೇಳಿದೆ. ರಸೀದಿ ಪುಸ್ತಕವೇ ಇಲ್ಲ! ಕೊನೆಗೆ ನನ್ನ ಪತ್ರದ ಪ್ರತಿಯ ಮೇಲೆಯೇ "₹40 ಪಾರ್ಕಿಂಗ್ ಶುಲ್ಕ ಬಂದಿದೆ, ಚೀಟಿ ರದ್ದು" ಅಂತ ಬರೆದು ಸಹಿ ಹಾಕಿದ. ಸೀಲ್ ಎಲ್ಲಿ ಅಂದೆ. ಡ್ರಾಯರ್ ಎಲ್ಲಾ ಹುಡುಕಿ ಒಂದು ಸೀಲ್ ತೆಗೆದ, ಇಂಕ್ ಒಣಗಿತ್ತು. ಬಾಯಿಂದ ಉಫ್ ಉಫ್ ಅಂತ ಊದಿ ಊದಿ ಒತ್ತಿದ. ಅರ್ಧ ಮೂಡಿದೆ, ಸಾಕು.

ತಾತನ ವಿಷಯವನ್ನೂ ಎತ್ತಿದೆ. ಸಂಬಳದಲ್ಲಿ ಹಿಡಿಯೋದು ನಿಜಾನಾ ಅಂತ ಕೇಳಿದರೆ ಹುಡುಗ ಕಂಪ್ಯೂಟರ್ ಕಡೆ ತಿರುಗಿ "ಅದು ಏಜೆನ್ಸಿಯವರ ಲೆಕ್ಕ" ಅಂದ. ಅದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ಕೆಳಗೆ ಬಂದು ತಾತನಿಗೆ ರದ್ದು ಮಾಡಿದ ಕಾಗದ ತೋರಿಸಿದೆ, ಅವನ ಫೋನಿನಲ್ಲಿ ಒಂದು ಫೋಟೋ ತೆಗೆದು ಇಟ್ಟುಕೊಟ್ಟೆ. ಯಾರಾದರೂ ಕೇಳಿದರೆ ತೋರಿಸು ಅಂದೆ. ಓದೋಕೆ ಬರಲ್ಲ ಅಂದ. ಕೇಳಿದವರಿಗೆ ಬರುತ್ತೆ ಬಿಡು ತಾತ ಅಂದೆ, ನಕ್ಕ.

ಗ್ಲಾಸಿನ ಮೇಲಿನ ಅರ್ಧ ಚೀಟಿ ಇನ್ನೂ ಹೋಗಿಲ್ಲ. ಸೀಮೆಎಣ್ಣೆ ಹಚ್ಚಿ ನೋಡು ಅಂತ ತಾತನೇ ಹೇಳಿದ್ದಾನೆ. ಎಲ್ಲಾದರೂ ಸಿಕ್ಕರೆ ಹೇಳಿ.

ಆರ್‌ಟಿಐ ಹಾಕೋ ಯೋಚನೆ ಸದ್ಯಕ್ಕಿಲ್ಲ. ಸೆಲ್ಲಾರ್ ಇಣುಕಿ ನೋಡಿದೆ, ಪ್ಲೈವುಡ್ ತುಂಬಿದ್ದಾರೆ. ರಾಯಚೂರಿನವರು ಹೇಳಿದ್ದು ನೆನಪಿದೆ, ಮುಂದೆ ನೋಡೋಣ.

ನಿನ್ನೆ ಆ ದಾರಿಯಲ್ಲೇ ಬಂದೆ. ಹುಟ್ಟುಹಬ್ಬದ ಫ್ಲೆಕ್ಸ್ ತೆಗೆದಿದ್ದಾರೆ. ಅದೇ ಕಂಬಕ್ಕೆ ಈಗ ಟ್ಯೂಷನ್ ಸೆಂಟರಿನದು ಕಟ್ಟಿದ್ದಾರೆ, ಮೊದಲಿನದಕ್ಕಿಂತ ಎರಡಡಿ ದೊಡ್ಡದು.